ಹಳದಿ ಕಂಡ ದಿನಗಳು

೯ ಫೆಬ್ರವರಿ ೧೯೮೪, ಮಾನ್ವಿ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಹೋದ ತಿಂಗಳು ರಾಯಚೂರಿನಲ್ಲಿ ಡಾಕ್ಟರ್ ಬುರ್ಹಾನುದ್ದೀನ್, "ಬ್ಯಾರೆ ಔಷಧ ಏನರ ತಗೋತೀರೇನ್ರಿ?" ಅಂದರು. "ಇಲ್ಲ" ಅಂದೆ. ಸುಳ್ಳು ಅನಿಸಲಿಲ್ಲ. ದೇವದುರ್ಗದಿಂದ ಅಕ್ಕ ಕುಟ್ಟಿ ಸೋಸಿ ಕಳಿಸುವ ಜೇಷ್ಠಮಧು ಪುಡಿ ಔಷಧವೇ? ದಿನವಿಡೀ ಕ್ಲಾಸಿನಲ್ಲಿ ಇಂಗ್ಲಿಷ್ ಕೂಗುವ ಗಂಟಲಿಗೆ ಅದು. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು. ಸಿಹಿ ಬೇರೆ. ಔಷಧ ಅಂದರೆ ಕಹಿ ಇರಬೇಕು ಅಂತ ನನ್ನ ತಲೆಯಲ್ಲಿ ಯಾವಾಗ ಕೂತಿತೋ.

ಮಾತ್ರೆ ಎರಡು ಥರ. ಚಿಕ್ಕಂದಿನ ಜ್ವರ ಕೆಡಿಸಿಹೋದ ಹೃದಯದ ವಾಲ್ವ್‌ಗೆ ಡಿಜಾಕ್ಸಿನ್. ಕಾಲು ಊದುವುದಕ್ಕೆ ನೀರಿಳಿಸುವ ಗುಳಿಗೆ — ಊತ ಹೆಚ್ಚಾಗಿದೆಯೆಂದು ಅದನ್ನು ಎರಡು ಮಾಡಿದ್ದಾರೆ. ಯಾಕೆ ಹೆಚ್ಚಾಯಿತು? ಉಪ್ಪಿನಕಾಯಿ ಕೂಡ ಮುಟ್ಟಿಲ್ಲ.

೧೪ ಫೆಬ್ರವರಿ

ಊಟ ಸೇರುತ್ತಿಲ್ಲ. ರೊಟ್ಟಿಯ ವಾಸನೆಗೇ ವಾಕರಿಕೆ.

ಬಟ್ಟೆ ಒಗೆಯುವ ಆದೆಮ್ಮನ ಮೇಲೆ ಸಿಟ್ಟಾದೆ. "ನೀಲಿ ಹಾಕೋದು ಬಿಟ್ಟೀಯೇನು? ಬಿಳೀ ಸೀರಿ ಎಲ್ಲಾ ಹಳದಿ."

"ಬಿಸಿಲಾಗ ಹಿಡಿದು ನೋಡ್ರಿ ಯವ್ವಾ. ಇದರಕಿಂತ ಬೆಳ್ಳಗ ಮಾಡಿದ್ರ ಸೀರಿ ಹರೀತದ. ಸೀರಿ ಒಗೀತೀನಿ, ಕಣ್ಣು ಒಗಿಯಾಕ ನನಗ ಬರಂಗಿಲ್ಲ."

ಬಿಸಿಲಿಗೆ ಹಿಡಿದೆ. ಹಳದಿಯೇ.

೧೯ ಫೆಬ್ರವರಿ, ಭಾನುವಾರ

ಕಾಲುವೆಯವರೆಗೆ ನಡೆದೆ. ಎರಡನೇ ಬೆಳೆ, ಈಗಷ್ಟೇ ನಾಟಿ ಮಾಡಿದ ಗದ್ದೆ. ನೆಲ್ಲು ಕೊಯ್ಲಿಗೆ ಬಂದಂತೆ ಕಂಡಿತು! ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಎರಡರಲ್ಲೂ ಸುಗ್ಗಿ. ಹೆದರಬೇಕಿತ್ತು, ಮೊದಲು ಬಂದದ್ದು ಕುತೂಹಲ. ಮನೆಗೆ ಬಂದರೆ ಬಲ್ಬಿನ ಸುತ್ತ ಬಳೆಯಂಥ ಬೆಳಕು.

ಕೂತು ನಾಡಿ ಹಿಡಿದೆ. ಒಂದು, ಎರಡು, ಮೂರು… ಐದು. ನಾಲ್ಕು ಎಲ್ಲಿ ಹೋಯಿತು?

ಆಗ ಯಜಮಾನರಿಗೆ ಹೇಳಿದೆ.

೨೦ ಫೆಬ್ರವರಿ, ರಾಯಚೂರು. ಆಸ್ಪತ್ರೆಯ ಮಂಚದಿಂದ

ಮೊದಲ ಬಸ್ಸಿಗೇ ಬಂದೆವು. ಮನೆಯಲ್ಲಿದ್ದ ಟಾನಿಕ್, ಡಬ್ಬಿ, ಎಲ್ಲವನ್ನೂ ಯಜಮಾನರು ಚೀಲಕ್ಕೆ ತುಂಬಿದ್ದರು.

ಡಾಕ್ಟರ್ ನನ್ನ ಮಾತು ಕೇಳಿ, "ನನ್ನ ಕೋಟು ಯಾವ ಬಣ್ಣರಿ ಟೀಚರ್?" ಅಂದರು.

"ತಿಳಿಹಳದಿ."

ನರ್ಸ್ ನಕ್ಕಳು. ಡಾಕ್ಟರ್ ನಗಲಿಲ್ಲ. ಇ.ಸಿ.ಜಿ. ತೆಗೆಸಿದರು. ಚೀಲ ಮೇಜಿನ ಮೇಲೆ ಸುರಿದು ಒಂದೊಂದೇ ನೋಡಿದರು. ಬಿ-ಕಾಂಪ್ಲೆಕ್ಸ್ ಪಕ್ಕಕ್ಕಿಟ್ಟರು. ಅಕ್ಕನ ಡಬ್ಬಿ ತೆರೆದು ಮೂಸಿದರು.

"ಜೇಷ್ಠಮಧು, ಡಾಕ್ಟರ್. ಔಷಧ ಅಲ್ಲ, ಬರೇ ಗಂಟಲಿಗೆ…"

"ಗಂಟಲದಾಗ ನಿಂದ್ರತದೇನ್ರಿ ಅದು?"

ವಿವರಿಸಿದರು. ಜೇಷ್ಠಮಧು ದಿನಾ ತಿಂದರೆ ಮೈಯಲ್ಲಿ ಉಪ್ಪು-ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಊತ ಕಂಡು ಅವರು ನೀರಿಳಿಸುವ ಗುಳಿಗೆ ಹೆಚ್ಚಿಸಿದರು. ಅದೂ ಪೊಟ್ಯಾಸಿಯಂ ಕಳೆಯುತ್ತದೆ. ಪೊಟ್ಯಾಸಿಯಂ ಇಳಿದ ಎದೆಗೆ ಅದೇ ಡಿಜಾಕ್ಸಿನ್, ಅದೇ ಅಳತೆ — ವಿಷ. ಬಡಿತ ತಪ್ಪಿಸುತ್ತದೆ, ನಿಲ್ಲಿಸಲೂಬಹುದು. ಹಳದಿ ಅದರ ಗುರುತು.

"ಒಂದು ಮಾತು ಹೇಳಿದ್ರ ನಾ ಗುಳಿಗಿ ಹೆಚ್ಚು ಮಾಡ್ತಿದ್ದಿಲ್ಲ." ಸಿಟ್ಟಿನಿಂದ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

೪ ಮಾರ್ಚ್, ಮಾನ್ವಿ

ಮನೆ. ಸೀರೆ ಬಿಳಿ. ಆದೆಮ್ಮನಿಗೆ ಹೇಳಿದೆ. "ನಾ ಅವತ್ತೇ ಅಂದಿದ್ನಿಲ್ರಿ!"

ಮಾತ್ರೆಯ ಅಳತೆ ಹೊಸದು. ಅಕ್ಕನ ಪುಡಿ ಬಂದ್. ಬಿಡುಗಡೆಯ ದಿನ ಡಾಕ್ಟರ್ ಒಂದು ಕೆಲಸ ಹೇಳಿದ್ದಾರೆ: "ಯಾವ್ದು ಮೊದಲ ಹಳದಿ ಕಾಣ್ತು, ಆಮ್ಯಾಲೆ ಏನಾತು, ಬರ್ದು ಕಳಸ್ರಿ. ನಾ ಓದೀನಿ, ಕಂಡಿಲ್ಲ." ಕುತೂಹಲದಲ್ಲಿ ನಾವಿಬ್ಬರೂ ಒಂದೇ ಜಾತಿ.

ಅಕ್ಕನಿಗೆ ಹೇಗೆ ಹೇಳುವುದು? ನನ್ನನ್ನು ಹೈದರಾಬಾದಿನ ಕಾನ್ವೆಂಟಿಗೆ ಕಳಿಸಿದ ವರ್ಷವೇ ಅಪ್ಪ ಅವಳಿಗೆ ಮದುವೆ ಮಾಡಿದರು. ನನಗೆ ಓದು ಸಿಕ್ಕಿತೆಂದು ಒಂದು ದಿನವೂ ಮುಖ ಮುರಿದವಳಲ್ಲ. ಅವಳ ಕೈಯ ಪುಡಿ.

೧೦ ಮಾರ್ಚ್, ಶನಿವಾರ

ಅಕ್ಕ ನೋಡಲು ಬಂದಿದ್ದಳು, ಹೊಸ ಡಬ್ಬಿಯೊಂದಿಗೆ. "ಗುಳಿಗಿ ಜಾಸ್ತಿ ಆಗಿತ್ತಂತಲ್ಲ ಬೇ. ಅದಕ್ಕ ನಮ್ಮ ಪುಡೀನ ಚಲೋ."

"ಹಳೇದು ಇನ್ನೂ ಅದ ಅಕ್ಕಾ" ಅಂದುಬಿಟ್ಟೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ: "ಹಂಗಾರ ಇದನ್ನ ಬಾಜೂ ಮನಿ ದಾವಲ್ ಬೀಗೆ ಕೊಡ್ತೀನಿ. ಕೆಮ್ಮಿ ಕೆಮ್ಮಿ ಸುಸ್ತಾಗ್ಯಾಳ. ಆಕಿಗೂ ನಿನ್ನಂಗ ಎದಿ ಗುಳಿಗಿ ಅದಾವ. ಅವೇ, ಬೆಳ್ಳಾನ ಸಣ್ಣವು."

ಡಬ್ಬಿ ಕಸಿದುಕೊಂಡೆ. "ಕೊಡಬ್ಯಾಡ!" ನಿಂತಲ್ಲೇ ಎಲ್ಲ ಹೇಳಿದೆ. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ.

"ಅಂದ್ರ ನಿನ್ನ ದವಾಖಾನಿಗೆ ಹಾಕಿದಾಕಿ ನಾನು?"

"ನೀನಲ್ಲ. ಡಾಕ್ಟರ್ ಕೇಳಿದಾಗ ಇಲ್ಲ ಅಂದಾಕಿ ನಾನು."

ಅವಳ ಮುಖ ಬೇರೆಯಾಯಿತು. "ಹೋದ ವಾರನ ಆಕಿಗೆ ಒಂದು ಡಬ್ಬಿ ಕೊಟ್ಟೀನಲ್ಲೇ…"

ಬಸ್ಸು ಹತ್ತಿದಳು. ಕಿಟಕಿಯಿಂದ: "ಇಳದಾಕಿ ಸೀದಾ ಆಕಿ ಮನಿಗೆ ಹೋಗ್ತೀನಿ, ದವಾಖಾನಿಗೆ ಕರ್ಕೊಂಡು ಹೋಗ್ತೀನಿ. ಏನಂತ ಕೇಳಲಿ ಆಕೀನ?"

"ಬಿಳೀ ಬಟ್ಟಿ ತೋರ್ಸು. ಯಾವ ಬಣ್ಣ ಅಂತ ಕೇಳು."

೧೧ ಮಾರ್ಚ್, ಸಂಜೆ

ಬೆಳಿಗ್ಗೆಯಿಂದ ಡಾಕ್ಟರಿಗೆ ಕಾಗದ. ಮೊದಲ ಪ್ರತಿಯಲ್ಲಿ ಸೀರೆ, ಗದ್ದೆ, ಬಲ್ಬು ಇದ್ದವು. ಡಬ್ಬಿ ಯಾರದು, ಇನ್ನಾರಿಗೆ ಹೋಯಿತು ಎಂಬುದಿರಲಿಲ್ಲ. ಅಕ್ಕನ ಮೇಲೆ ಮಾತು ಬಾರದಿರಲೆಂದೇ? ಹರಿದೆ. ಈಗ ಎಲ್ಲ ಇದೆ. ಕೊನೆಗೊಂದು ಬಿನ್ನಹವೂ — "ಔಷಧ ಏನು ತಗೋತೀರಿ ಅಂತ ಕೇಳಬೇಡಿ. ನಾವು ಇಲ್ಲ ಅಂತೇವೆ. ಕೆಮ್ಮಿಗೆ ಏನು, ಗಂಟಲಿಗೆ ಏನು, ಶಕ್ತಿಗೆ ಏನು ಅಂತ ಕೇಳಿ."

ಈಗಷ್ಟೇ ದೇವದುರ್ಗದ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಂದಿದ್ದ. "ನಿಮ್ಮ ಅಕ್ಕಾರು ಹೇಳ್ಯಾರ್ರಿ. ಡಬ್ಬಿ ವಾಪಸ್ ಬಂತಂತ, ದವಾಖಾನಿಗೆ ತೋರ್ಸ್ಯಾರಂತ. ಬೆಳ್ಳಗ ಕಾಣ್ತದಂತ." ಏನು ಬೆಳ್ಳಗೆ ಅಂತ ಅವನಿಗೆ ತಿಳಿಯದು. ಅವನೆದುರೇ ಅತ್ತುಬಿಟ್ಟೆ.

ಇದನ್ನೂ ಕಾಗದಕ್ಕೆ ಸೇರಿಸಬೇಕು. ಪೋಸ್ಟ್ ಮಾಡುವುದು ನಾಳೆ, ಸೋಮವಾರ, ಮಾರ್ಚ್ ೧೨.