ಒಂದು ಪಾಯಿಂಟ್ ಎಂಟು ವೋಲ್ಟ್

ನಂಜನಗೂಡು, ನಿಂಗರಾಜುವಿನ ಕಂಪ್ಯೂಟರ್ ಅಂಗಡಿಯ ಜಗಲಿ
೧೯-೩-೨೦೦೪, ಶುಕ್ರವಾರ, ಮಧ್ಯಾಹ್ನ ಒಂದೂವರೆ

ಮಗ ರವಿಕುಮಾರನಿಗೆ, ನಿನ್ನ ಅಪ್ಪ ದೇವಯ್ಯ ತಲೆ ಸವರಿ ಬರೆಯುವುದು.

ಹೇಗಿದ್ದೀಯಪ್ಪ? ಸಿಂಧನೂರಿನ ಬಿಸಿಲಿನಲ್ಲಿ ಊರೂರು ತಿರುಗಿ ಮತದಾರರ ಚೀಟಿಗೆ ಫೋಟೋ ತೆಗೆಯುವುದೆಂದರೆ ಸುಲಭದ ಮಾತಲ್ಲ. ನೀರನ್ನು ಕಾಯಿಸಿ ಆರಿಸಿ ಕುಡಿ. ಹೋದ ತಿಂಗಳು ಬಂದಿದ್ದ ಹೊಟ್ಟೆನೋವು ಪೂರ್ತಿ ವಾಸಿಯಾಯಿತೋ ಇಲ್ಲವೋ ನೀನು ಬರೆದೇ ಇಲ್ಲ. ರೊಟ್ಟಿ ಒಗ್ಗದಿದ್ದರೆ ಅನ್ನ ಕೇಳಿ ಮಾಡಿಸಿಕೋ, ಅದರಲ್ಲಿ ನಾಚಿಕೆ ಏನೂ ಇಲ್ಲ. ನಾನು ಚೆನ್ನಾಗಿದ್ದೇನೆ. ಎದುರು ಮನೆಯಿಂದ ನಿನ್ನ ಸೋದರತ್ತೆ ಸಣ್ಣತಾಯಮ್ಮ ಎರಡು ಹೊತ್ತೂ ಮುದ್ದೆ ಸಾರು ಕಳಿಸುತ್ತಾಳೆ. ನಿನ್ನ ತಂಗಿ ದಿವ್ಯ ಬಿಳಿಗೆರೆಯಿಂದ ಇಪ್ಪತ್ತೇಳಕ್ಕೇ ಬರುತ್ತಾಳಂತೆ. ಇಪ್ಪತ್ತೆಂಟಕ್ಕೆ ನಿಮ್ಮವ್ವ ಹೋಗಿ ಒಂದು ವರ್ಷ. ಎಡೆ ಬೇಡ, ದೀಪ ಹಚ್ಚಿ ಬುದ್ಧವಂದನೆ ಹೇಳಿದರೆ ಸಾಕು ಎಂದು ನೀನು ಹೇಳಿದ್ದನ್ನು ಅತ್ತೆಗೆ ಹೇಳಿದೆ. ಅವಳು 'ಅದೂ ಇರ್ಲಿ, ಎಡೇನೂ ಇರ್ಲಿ' ಅಂದಳು. ಇರಲಿ ಬಿಡು.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟೆ. ಅಕ್ಷರ ಸೊಟ್ಟಗಿದ್ದರೆ ವಯಸ್ಸಾಯಿತು ಅಂದುಕೊಳ್ಳಬೇಡ, ಇದು ಹೆದರಿಕೆ. ನಾನು ನಿನ್ನ ಕಂಪ್ಯೂಟರನ್ನು ಸುಟ್ಟುಹಾಕಿದ್ದೇನೆ. ಅದರೊಳಗೆ ದಿವ್ಯಳ ಮದುವೆ ಇದೆ, ಆ ಮದುವೆಯಲ್ಲಿ ನಿಮ್ಮವ್ವ ಓಡಾಡುತ್ತಿದ್ದಾಳೆ, ಮಾತಾಡುತ್ತಿದ್ದಾಳೆ. ನಿನ್ನ ಕ್ಯಾಮೆರಾದಲ್ಲಿ ಆ ಮದುವೆ ತೆಗೆದ ಕ್ಯಾಸೆಟ್ಟಿನ ಮೇಲೆ ನೀನು ಆಗಲೇ ಮೂಗೂರಿನ ಬೇರೊಂದು ಮದುವೆ ತುಂಬಿಕೊಂಡಿದ್ದೆ. ನಮ್ಮ ಮನೆಯದು ತಾನೇ, ಮೊದಲು ಗಿರಾಕಿಗಳದ್ದು ಮುಗಿಯಲಿ ಎಂದು ನೀನು ಅಂದಿದ್ದೆ. ಅಷ್ಟರಲ್ಲಿ ಅವಳೇ ಹೋದಳು. ಅವಳ ದನಿ ಈಗ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅದು ಆ ಡಬ್ಬದೊಳಗೆ ಮಾತ್ರ. ಆ ಡಬ್ಬ ನನ್ನ ಬೆನ್ನ ಹಿಂದೆ, ಬೀಗ ಹಾಕಿದ ಅಂಗಡಿಯೊಳಗಿದೆ. ಸತ್ತಿದೆಯೋ ಬದುಕಿದೆಯೋ ಗೊತ್ತಿಲ್ಲ.

ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಬೈಯುವುದನ್ನು ಕೊನೆಗೆ ಬೈಯುವೆಯಂತೆ. ಹೊರಡುವ ದಿನ ನೀನು ಹೇಳಿದ್ದು ಇಷ್ಟೇ: ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡು, ಫ್ಯಾನ್ ತಿರುಗುತ್ತದಾ ನೋಡು, ಬಿಸಿ ಎಷ್ಟಿದೆ ನೋಡು, ಆಫ್ ಮಾಡು. ಪಂಪ್‌ಹೌಸಿನಲ್ಲಿ ನಿಂತ ಮೋಟಾರನ್ನು ವಾರಕ್ಕೊಮ್ಮೆ ಓಡಿಸದಿದ್ದರೆ ಕೆಡುತ್ತದೆ ಅಂತ ನಾನೇ ಒತ್ತಾಯ ಮಾಡಿದ್ದಕ್ಕೆ ನೀನು ಒಪ್ಪಿದ್ದು. ಮೇಜಿನ ಮೇಲೆ ಚೀಟಿಯನ್ನೂ ಅಂಟಿಸಿ ಹೋಗಿದ್ದೆ: ವೇಗ ೨.೦, ವೋಲ್ಟ್ ೧.೭, ಬಿಸಿ ೬೦ ದಾಟಬಾರದು. ಹುಟ್ಟುವಾಗ ಅದರ ಮಿದುಳಿನಂತಿರುವ ಪ್ರೊಸೆಸರಿನ ವೇಗ ೧.೬, ನೀನು ಅದರ ಕಿವಿ ಹಿಂಡಿ ೨ಕ್ಕೆ ಏರಿಸಿ, ಅದಕ್ಕೆ ತಕ್ಕಂತೆ ಒಂಚೂರು ವೋಲ್ಟ್ ಕೊಟ್ಟು, ದೊಡ್ಡ ಫ್ಯಾನ್ ಕೂರಿಸಿದ್ದೆ. ಹನ್ನೆರಡು ಗಂಟೆ ಹಿಡಿಯುತ್ತಿದ್ದ ಮದುವೆ ಒಂಬತ್ತೂವರೆ ಗಂಟೆಯಲ್ಲಿ ಸಿ.ಡಿ.ಗೆ ತಯಾರಾಗುತ್ತಿತ್ತು. ಒಬ್ಬ ಆಳಿನ ಕೈಲಿ ಒಂದೂಕಾಲು ಆಳಿನ ಕೆಲಸ ಮಾಡಿಸುತ್ತೀಯ ಎಂದು ನಾನು ಆಗಲೇ ಆಡಿಕೊಂಡಿದ್ದೆ.

ದಿವ್ಯಳ ಮದುವೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದೇನೆ, ಒಂದು ಜಾಗ ಮಾತ್ರ ಏನು ಮಾಡಬೇಕೆಂದು ತೋಚುತ್ತಿಲ್ಲ, ಬಂದು ನೋಡುತ್ತೇನೆ ಎಂದು ನೀನು ಅಂದಿದ್ದೆ. ನನಗೆ ಅಷ್ಟು ದಿನ ಕಾಯಲಾಗಲಿಲ್ಲ. ನೀನು ಒತ್ತುವ ಗುಂಡಿಯನ್ನು ಪಕ್ಕದಲ್ಲಿ ಕೂತು ನೂರು ಸಲ ನೋಡಿದವನು ನಾನು. ವರ್ಷದ ದಿನಕ್ಕೆ ಸಿ.ಡಿ. ತಯಾರು ಮಾಡಿಟ್ಟು ನಿನಗೂ ದಿವ್ಯಳಿಗೂ ತೋರಿಸೋಣ ಅಂತ ಈ ಮಂಗಳವಾರ ಬೆಳಿಗ್ಗೆ ಶುರು ಮಾಡಿದೆ. ನೂರಕ್ಕೆ ನಲವತ್ತು ಆಗುವಷ್ಟರಲ್ಲಿ ಪರದೆ ಹಾಗೇ ಕಲ್ಲಾಗಿ ನಿಂತಿತು. ಎರಡನೇ ಸಲವೂ ಅಷ್ಟೇ. ಸ್ಟೆಬಿಲೈಜರ್ ಮುಳ್ಳು ನೋಡಿದರೆ ಇನ್ನೂರ ಮೂವತ್ತು ವೋಲ್ಟ್ ಇರಬೇಕಾದದ್ದು ನೂರಾ ತೊಂಬತ್ತರಲ್ಲಿ ಒದ್ದಾಡುತ್ತಿತ್ತು. ಬೇಸಿಗೆ, ಊರಿಗೆ ಊರೇ ಪಂಪ್‌ಸೆಟ್ ಹಾಕಿ ಕೂತಿದೆ.

ಇಪ್ಪತ್ತೊಂಬತ್ತು ವರ್ಷ ಊರಿನ ಪಂಪ್‌ಹೌಸಿನಲ್ಲಿ ಗಂಟೆಗೊಂದು ಸಲ ವೋಲ್ಟು, ಆಂಪಿಯರು ನೋಡಿ ಲಾಗ್ ಬುಕ್ಕಿಗೆ ಬರೆದವನು ನಾನು. ಊರಿಗೆ ನೀರು ಒಂದು ದಿನವೂ ತಪ್ಪಿಸಿದವನಲ್ಲ. ವೋಲ್ಟ್ ಇಳಿದರೆ ಮೋಟಾರು ತಿಣುಕುತ್ತದೆ, ಆಂಪಿಯರ್ ಹೆಚ್ಚು ಎಳೆಯುತ್ತದೆ, ಬಿಸಿಯಾಗಿ ಸುಡುತ್ತದೆ. ವೋಲ್ಟ್ ಸರಿಯಾಗಿ ಕೊಟ್ಟರೆ ತಣ್ಣಗೆ ಓಡುತ್ತದೆ. ಇದು ನನ್ನ ರಕ್ತದಲ್ಲಿರುವ ಪಾಠ. ಪಾಪ ಇದಕ್ಕೂ ವೋಲ್ಟ್ ಸಾಲುತ್ತಿಲ್ಲ ಅಂದುಕೊಂಡೆ. ಮರುದಿನ ಬುಧವಾರ ನಸುಕಿನಲ್ಲೇ ಎದ್ದು, ಡಿಲೀಟ್ ಗುಂಡಿ ಒತ್ತಿ, ನೀನು ವೇಗ, ವೋಲ್ಟ್ ಬದಲಿಸುವ ನೀಲಿ ಪುಟಕ್ಕೆ ಹೋದೆ. ೧.೭ ಇದ್ದದ್ದನ್ನು ೧.೮ ಮಾಡಿದೆ.

ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಯಿತು. ಯಾಕೆಂದರೆ ಓಡಿತು! ನಲವತ್ತು ದಾಟಿತು, ಐವತ್ತು ದಾಟಿತು, ಎಲ್ಲೂ ನಿಲ್ಲಲಿಲ್ಲ. ಕಂಪ್ಯೂಟರ್ ಕಲಿತ ಮಗನಿಗೂ ಗೊತ್ತಾಗದ್ದು ಪಂಪ್‌ಹೌಸಿನ ಮುದುಕನಿಗೆ ಗೊತ್ತಾಯಿತು ಎಂದು ಒಬ್ಬನೇ ನಕ್ಕೆ. ಹಳೆಯ ಲಾಗ್ ಬುಕ್ಕೊಂದನ್ನು ತೆಗೆದು ಗಂಟೆಗೊಂದು ಸಲ ಬಿಸಿ ಬರೆಯುತ್ತಾ ಕೂತೆ. ಹತ್ತು ಗಂಟೆಗೆ ಅರವತ್ತೊಂದು ಡಿಗ್ರಿ. ಹನ್ನೊಂದಕ್ಕೆ ಅರವತ್ತನಾಲ್ಕು. ಹನ್ನೆರಡಕ್ಕೆ ಅರವತ್ತೆಂಟು. ನಿನ್ನ ಚೀಟಿ ಕಣ್ಣ ಮುಂದೆಯೇ ಇತ್ತು. ಮೋಟಾರುಗಳು ಎಂಬತ್ತರಲ್ಲೂ ಜಗ್ಗದೆ ಓಡುವುದನ್ನು ಕಂಡವನಿಗೆ ಅರವತ್ತು ಎಂಬುದು ಹುಡುಗರ ಹೆದರಿಕೆ ಅನ್ನಿಸಿತು. ಮೊದಲು ಬಿಸಿ ಏರುತ್ತದೆ, ಆಮೇಲೆ ಏರುವುದು ತಾನೇ ನಿಲ್ಲುತ್ತದೆ ಅಂದುಕೊಂಡೆ. ಟೇಬಲ್ ಫ್ಯಾನ್ ತಂದು ಅದರ ಕಡೆ ತಿರುಗಿಸಿದೆ. ಬಿಸಿ ಕೋಣೆಯ ಬಿಸಿ ಗಾಳಿಯನ್ನೇ ಅದಕ್ಕೆ ಬೀಸುತ್ತಿದ್ದೇನೆ ಅನ್ನುವುದು ಹೊಳೆಯಲಿಲ್ಲ.

ಕೆಲಸ ನೂರಕ್ಕೆ ತೊಂಬತ್ತಮೂರು ಮುಗಿದಾಗ ಒಳಗಿಂದ ಕೀಂವ್ ಕೀಂವ್ ಎಂದು ಕೂಗಲು ಶುರು ಮಾಡಿತು. ಅಲ್ಲಿಗೆ ನಿಲ್ಲಿಸಬೇಕಿತ್ತು ಮಗನೇ. ಪಂಪ್‌ಹೌಸಿನಲ್ಲಾಗಿದ್ದರೆ ಆ ಸದ್ದಿಗೆ ನಾನು ಓಡಿಹೋಗಿ ಸ್ವಿಚ್ ಎಳೆಯುತ್ತಿದ್ದೆ. ಆದರೆ ಇನ್ನು ಏಳೇ ಏಳು ಅಂತ ಆಸೆ. ಕೈಕಟ್ಟಿಕೊಂಡು ನಿಂತೆ. ತೊಂಬತ್ತನಾಲ್ಕು ಆಯಿತು. ಪಟ್ ಅಂತ ಪರದೆ ಕಪ್ಪಾಯಿತು. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ವೈರ್ ಕಿತ್ತೆಸೆದು, ಮುಚ್ಚಳ ತೆಗೆದು, ಬೇರಿಂಗ್ ಮುಟ್ಟಿ ನೋಡುವ ಹಾಗೆ ಹಿಂಗೈ ಇಟ್ಟೆ. ಬೊಬ್ಬೆ ಎದ್ದಿದೆ. ಅದು ಬಿಡು, ವಾಸಿಯಾಗುತ್ತದೆ. ಆರಿದ ಮೇಲೆ ನಾಲ್ಕು ಸಲ ಆನ್ ಮಾಡಿದೆ. ಫ್ಯಾನ್ ತಿರುಗಿತೇ ಹೊರತು ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನಾನು ತುತ್ತಿನ ಜೊತೆ ತಟ್ಟೆಯನ್ನೂ ಒಡೆದಿದ್ದೆ.

ನಿನ್ನೆ ಇಡೀ ದಿನ ಯಾರಿಗೂ ಹೇಳದೆ ಕೂತಿದ್ದೆ. ದಿವ್ಯ ಫೋನ್ ಮಾಡಿ 'ಅಪ್ಪ, ಅವ್ವನ್ ಮಾತು ಕೇಳ್ಬೋದಾ ಈ ಸತಿ' ಅಂದಳು. ಹೂಂ ಅಂದೆ. ಇವತ್ತು ಬೆಳಿಗ್ಗೆ ಡಬ್ಬವನ್ನು ನಿಮ್ಮವ್ವನ ಹಳೇ ಸೀರೆಯಲ್ಲಿ ಸುತ್ತಿ, ನರಸೀಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಹಳ್ಳ ಬಂದಾಗೆಲ್ಲ ಮಗುವನ್ನು ಹಿಡಿದ ಹಾಗೆ ಎತ್ತಿ ಹಿಡಿಯುತ್ತಿದ್ದೆ. ಪಕ್ಕದವನು ಟಿ.ವಿ.ಯಾ ಅಂತ ಕೇಳಿದ, ಅವನಿಗೂ ಹೂಂ ಅಂದೆ.

ನಿನ್ನ ಸ್ನೇಹಿತ ನಿಂಗರಾಜು ಬಿಚ್ಚಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. 'ಅಯ್ಯೋ ದೊಡ್ಡಪ್ಪ, ಇದು ಮೋಟ್ರಲ್ಲ ಕಣಪ್ಪೋ! ಅದ್ಕೆ ವೋಲ್ಟು ಕಮ್ಮಿಯಾದ್ರೆ ಬಿಸಿ, ಇದ್ಕೆ ಜಾಸ್ತಿಯಾದ್ರೆ ಬಿಸಿ' ಅಂದ. ಗೋಡೆಯಿಂದ ಬರುವ ವೋಲ್ಟೇ ಬೇರೆ, ಪ್ರೊಸೆಸರ್ ಕುಡಿಯುವ ವೋಲ್ಟೇ ಬೇರೆಯಂತೆ. ಅದು ನಿಂತದ್ದು ಬೇಸಿಗೆಯ ಬಿಸಿಗೆ. ವೇಗ ಇಳಿಸಿದ್ದರೆ ಮುಗಿದುಹೋಗುತ್ತಿತ್ತಂತೆ, ನಾನು ವೋಲ್ಟ್ ಏರಿಸಿ ಬೆಂಕಿಗೆ ಸೌದೆ ಇಟ್ಟೆ. ಫ್ಯಾನಿನ ಕೆಳಗೆ ಧೂಳು ಹೆಪ್ಪುಗಟ್ಟಿತ್ತು, ಶಾಖ ಇಳಿಯಲೆಂದು ನೀನು ಸವರಿದ್ದ ಬಿಳಿ ಅಂಟು ಒಣಗಿ ಉದುರುತ್ತಿತ್ತು. 'ಪ್ರೊಸೆಸರ್ ಓಯ್ತು. ಬೋರ್ಡೂ ಅನುಮಾನ. ಡಿಸ್ಕ್ ಏನಾಗದೆ ಅಂತ ಬ್ಯಾರೆ ಮಿಷಿನ್ಗೆ ಆಕಿ ನೋಡ್ಬೇಕು' ಅಂದವನೇ, ತಾಂಡವಪುರದಲ್ಲಿ ಯಾರದೋ ಕೆಲಸ ಒಪ್ಪಿಕೊಂಡಿದ್ದೇನೆ, ನಾಲ್ಕಕ್ಕೆ ಬರುತ್ತೇನೆ ಎಂದು ಬಾಗಿಲೆಳೆದು ಹೋದ.

ಈಗ ಮೂರೂಕಾಲು. ಇಷ್ಟು ಹೊತ್ತು ಈ ಕಾಗದವೇ ನನ್ನನ್ನು ಹಿಡಿದು ಕೂರಿಸಿತು. ಮದುವೆಯನ್ನೆಲ್ಲ ತುಂಬಿಟ್ಟಿರುವ ಆ ಡಿಸ್ಕ್ ಹೋಗಿದ್ದರೆ ನಿನಗೆ ಹೇಗೆ ಮುಖ ತೋರಿಸಲಿ? ದಿವ್ಯಳಿಗೆ ಏನು ಹೇಳಲಿ? ನಿಮ್ಮವ್ವ ಒಂದು ಸಲ ಸತ್ತಳು, ಎರಡನೇ ಸಲ ನಾನೇ ಸಾಯಿಸಿದೆ ಅನ್ನಿಸುತ್ತಿದೆ. ಭಯವಾಗುತ್ತಿದೆ ಕಣಪ್ಪ. ಹೊಳೆಯಲ್ಲಿ ಪ್ರವಾಹ ಬಂದು ಪಂಪ್‌ಹೌಸಿಗೆ ನೀರು ನುಗ್ಗಿದಾಗಲೂ ಇಷ್ಟು ಹೆದರಿರಲಿಲ್ಲ.

ನಿನ್ನ ಆರೋಗ್ಯ ಜೋಪಾನ. ಬಿಸಿಲಿಗೆ ತಲೆಗೆ ಟವಲ್ ಸುತ್ತಿಕೋ. ಊಟ ತಪ್ಪಿಸಬೇಡ. ನಿನ್ನ ಕೆಲಸ ಕೈಗೂಡಲಿ, ಹೋದ ಕಡೆ ಒಳ್ಳೆಯ ಜನ ಸಿಗಲಿ.

ಇಂತಿ ನಿನ್ನ ಅಪ್ಪ,
ದೇವಯ್ಯ, ನಿವೃತ್ತ ಪಂಪ್ ಆಪರೇಟರ್

ವಿ.ಸೂ.: ಐದು ಗಂಟೆ. ಬಸ್ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಡಿಸ್ಕ್ ಉಳಿದಿದೆ! ಎಲ್ಲವೂ ಇದೆ. ಇನ್ನೊಂದು ಮಾತು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಾನು ಅವಸರ ಮಾಡಿದ್ದು ವರ್ಷದ ದಿನಕ್ಕಾಗಿ ಅಲ್ಲ. ನಿನಗೆ ತೋಚದ ಆ ಜಾಗ ಯಾವುದೆಂದು ನನಗೆ ಗೊತ್ತಿತ್ತು. ತಾಳಿ ಇಟ್ಟ ಪೆಟ್ಟಿಗೆಯ ಬೀಗದಕೈ ಕಾಣಲಿಲ್ಲವೆಂದು ನೆಂಟರ ಮುಂದೆ ನಿಮ್ಮವ್ವನನ್ನು 'ನಿನ್ ಜನ್ಮಕ್ಕೆ ಒಂದ್ ಕೆಲ್ಸನಾದ್ರೂ ನೆಟ್ಟಗೆ ಮಾಡಿದ್ದೀಯಾ' ಎಂದು ನಾನು ಬೈದದ್ದು. ಕೀ ನನ್ನ ಜೇಬಿನಲ್ಲೇ ಇತ್ತು. ಸಿ.ಡಿ. ಆದ ಕೂಡಲೇ ಇಲ್ಲಿಗೆ ತಂದು, ಯಾರೂ ನೋಡುವ ಮೊದಲು ನಿಂಗರಾಜುವಿನ ಕೈಲಿ ಆ ಜಾಗ ಕತ್ತರಿಸಿ ಹಾಕಿಸಬೇಕೆಂದಿದ್ದೆ. ಇವತ್ತು ಅದನ್ನೇ ಹಾಕಿಸಿ ನೋಡಿದೆ. ನಾನು ಅತ್ತ ಹೋದ ಮೇಲೂ ನಿನ್ನ ಕ್ಯಾಮೆರಾ ಅವಳ ಮೇಲೇ ಇತ್ತಲ್ಲ, ಅದು ನನಗೆ ಗೊತ್ತಿರಲಿಲ್ಲ. 'ಇದ್ನ ಕತ್ತರ್ಸಾಕ್ಬುಡು ಕಣಪ್ಪ. ಬಿಸ್ಲಲ್ಲಿ ಓಡಾಡಿ ಮೈ ಕಾದದೆ ಅವ್ರ್ಗೆ. ನಿಮ್ಮಪ್ಪನ್ನ ಯಾರೂ ಕೆಟ್ಟೋರು ಅನ್ಕಬಾರ್ದು' ಅಂತ ನಿನಗೆ ಹೇಳುತ್ತಾಳೆ. ಕತ್ತರಿಸಬೇಡ ಮಗನೇ. ನನ್ನ ಬೈಗುಳವೂ ಇರಲಿ, ಅವಳ ಮಾತೂ ಇರಲಿ. ವರ್ಷದ ದಿನಕ್ಕೆ ಮುಂಚೆ ಬಂದು ಹೊಸ ಪ್ರೊಸೆಸರನ್ನು ಹಾಕಿ, ಅದು ಹುಟ್ಟಿದ ವೇಗದಲ್ಲೇ ಓಡಿಸು, ಹನ್ನೆರಡು ಗಂಟೆ ಹಿಡಿದರೆ ಹಿಡಿಯಲಿ. ಇಪ್ಪತ್ತೆಂಟಕ್ಕೆ ಎಲ್ಲರ ಮುಂದೆ ಕೂತು ನಾನೂ ನೋಡುತ್ತೇನೆ.