ನಾವೆಲ್ಲ ಮಾರಿಬಿಟ್ವಲ್ಲ

ಮಾರ್ಚ್ ೧೧, ಮಂಗಳವಾರ

ಸಿಮೆಂಟ್ ಕಂಪನಿಯ ಷೇರನ್ನು ಇವತ್ತು ಕೊನೆಗೂ ಮಾರಿದೆ. ಹಾಕಿದ ದುಡ್ಡಿನಲ್ಲಿ ಅರ್ಧಕ್ಕರ್ಧ ಹೋಯಿತು. ಹೋಗಲಿ, ಕೊರೆಯುತ್ತಿರುವುದು ಅದಲ್ಲ.

ನಮ್ಮವರು ತೀರಿಕೊಂಡ ಮೇಲೆ, ನಾನು ಕೆಲಸ ಮಾಡುವ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲೇ ಒಬ್ಬಳೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಒಂದು ಮಧ್ಯಾಹ್ನ ಫಾರ್ಮಸಿಯವರೊಬ್ಬರು ತಮ್ಮ ಗುಂಪಿನ ಮೇಜಿಗೆ ಕರೆದರು. "ಬನ್ನಿ ಮೇಡಂ, ನೀವೂ ಈ ಷೇರು ತಗೊಳ್ಳಿ. ನಾವೆಲ್ಲ ತಗೊಂಡಿದೀವಿ." ಆ ಕಂಪನಿ ಲಾಭದಲ್ಲಿದೆಯೋ ಸಾಲದಲ್ಲಿದೆಯೋ ನಾನು ಕೇಳಲೇ ಇಲ್ಲ. 'ನಾವೆಲ್ಲ' ಎಂದದ್ದೇ ಸಾಕಾಯಿತು, ಕೊಂಡುಬಿಟ್ಟೆ. ಮರುದಿನದಿಂದ ಅವರೆಲ್ಲರ ಜೊತೆಗೇ ಊಟ. ಬೆಲೆ ಏರಿದರೆ ಒಟ್ಟಿಗೆ ಹಿಗ್ಗಿದೆವು, ಇಳಿದರೆ ಒಟ್ಟಿಗೆ ಬೈದೆವು. ಅದು ಕುಸಿಯುತ್ತಲೇ ಹೋದಾಗಲೂ ನಾನು ಮಾರಲಿಲ್ಲ. ಮಾರಿದರೆ ಊಟದ ಹೊತ್ತಿಗೆ ಏನು ಮಾತಾಡುವುದು?

ಇತ್ತೀಚೆಗೆ ಷೇರಿನ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಇವತ್ತು ನಾನೇ ಎತ್ತಿದೆ. "ನಮ್ಮ ಷೇರು ಮತ್ತೆ ಬಿತ್ತಲ್ಲ?"

ಫಾರ್ಮಸಿಯವರು ತುತ್ತು ಕೈಯಲ್ಲೇ ಹಿಡಿದು ನೋಡಿದರು. "ಅಯ್ಯೋ, ನಿಮ್ಮ ಹತ್ರ ಇನ್ನೂ ಇದೆಯಾ? ನಾವೆಲ್ಲ ಹೋದ ತಿಂಗಳೇ ಮಾರಿಬಿಟ್ವಲ್ಲ! ನಿಮಗ್ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ನಕ್ಕುಬಿಟ್ಟೆ. ಕೈ ತೊಳೆಯಲು ಹೋದವಳು ನಲ್ಲಿಯ ಹತ್ತಿರವೇ ನಿಂತು ಫೋನಿನಲ್ಲಿ ಮಾರಿದೆ.

ಗೊತ್ತಿಲ್ಲದ ಷೇರು ಕೊಳ್ಳಬಾರದು, ಅದನ್ನಂತೂ ಕಲಿತೆ. ಜನರ ಜೊತೆ ಕೂರುವ ಆಸೆಗೆ ಕೊಳ್ಳಲೇಬಾರದು. ಆದರೂ ನಾಳೆ ಆ ಮೇಜಿಗೇ ಹೋಗಬೇಕು ಅನ್ನಿಸುತ್ತಿದೆ.

ಚಳಿಗಾಲದಲ್ಲಿ ಫಾರ್ಮಸಿಯವರ ಮಗಳು ಕಾಲು ಮುರಿದುಕೊಂಡಿದ್ದಳು. ಎಕ್ಸ್‌ರೇ ತೆಗೆದವಳು ನಾನೇ. ಈಗ ನಡೆಯುತ್ತಾಳಾ ಎಂದು ಒಂದು ದಿನವೂ ಅವರನ್ನು ಕೇಳಿಲ್ಲ. ಬರೀ ಬೆಲೆ ಎಷ್ಟಾಯಿತು ಎಂದೇ ಕೇಳಿಕೊಂಡು ಬಂದೆ. ನಾಳೆ ಮೊದಲು ಮಗಳ ಕಾಲಿನ ವಿಷಯ ಕೇಳಬೇಕು.