ಮೂಡಲಗಿ ಬಸ್ಸಿನಲ್ಲಿ ಸಿಕ್ಕ ಬಾತು

ಜನವರಿ 9, ಗುರುವಾರ

ಮೂಡಲಗಿ ಟ್ರಿಪ್. ಕಾಲಿಡಲು ಜಾಗವಿಲ್ಲ, ಟಿಕೆಟ್ ಹರಿಯುವುದರಲ್ಲೇ ಸಾಕಾಯಿತು. ಕಲ್ಲೋಳಿಯಲ್ಲಿ ಹತ್ತಿದ ಮುದುಕ ಗೊಬ್ಬರದ ಚೀಲವೊಂದನ್ನು ಎದೆಗೆ ಒತ್ತಿಕೊಂಡಿದ್ದ. ಚೀಲ ಅಲುಗಿತು.

"ಕೋಳಿ ಏನ್ರಿ? ಕೋಳಿಗೂ ಟಿಕೆಟ್ ಐತಿ."

ಬಿಚ್ಚಿದ. ಬಾತು! ಹೊಳೆಯುವ ಹಸಿರು ತಲೆ, ಹಳದಿ ಕೊಕ್ಕು, ಕತ್ತಿಗೆ ಬಿಳಿ ಪಟ್ಟಿ. ಒಂದು ರೆಕ್ಕೆ ಜೋತಿತ್ತು. ಮೀನಿನ ಬಲೆಗೆ ಬಿದ್ದದ್ದಂತೆ. ಮುದುಕನ ಹೆಸರು ಶಿದ್ರಾಮ. ಹೆಂಡತಿಗೆ ಲಕ್ವಾ ಹೊಡೆದಿದೆ. ಬಾತಿನ ಬಿಸಿ ರಕ್ತ ಹಚ್ಚಿದರೆ ಕೈ ಎತ್ತುತ್ತಾಳೆ ಎಂದು ಯಾರೋ ಹೇಳಿದ್ದಾರೆ.

"ಇದು ಕಾಡಹಕ್ಕಿ. ಫಾರೆಸ್ಟ್‌ನವರು ಒಳಗ ಹಾಕ್ತಾರ. ಇಲ್ಲಿ ಕೊಡ್ರಿ."

ಜೋರು ಮಾಡಿದೆ. ಮೈಮೇಲೆ ಯೂನಿಫಾರ್ಮ್ ಇತ್ತಲ್ಲ... ಕೊಟ್ಟ. ಇಳಿಯುವಾಗ ಅಂದ — "ಅಕ್ಕಾರ, ನಿಮ್ಮ ಮನ್ಯಾಗ ಯಾರಿಗರ ಲಕ್ವಾ ಹೊಡದಿದ್ರ ಹಿಂಗ ಕಸಗೊಂತಿದ್ರೇನ್ರಿ?"

ಜನವರಿ 10

ಬಚ್ಚಲಲ್ಲಿ ಬಿಟ್ಟಿದ್ದೇನೆ. ಬಕೆಟ್‌ನಲ್ಲಿ ತಲೆ ಅದ್ದಿ ಅದ್ದಿ ಎತ್ತುತ್ತದೆ. ಗೊಗ್ಗರು ದನಿ. ಯಜಮಾನರು ಟವೆಲ್ ಹಿಡಿದು ನಿಂತಿದ್ದರು. "ಇದರ ಜಳಕ ಆತು. ನಂದ ಯಾವಾಗ?"

ನಗು ಬರಲಿಲ್ಲ. ರಕ್ತದಿಂದ ಕೈ ಏಳುವುದಿಲ್ಲ — ಗೊತ್ತು. ಆದರೆ ಆ ಹೆಂಗಸು ಬಾಗಿಲು ನೋಡುತ್ತ ಮಲಗಿದ್ದಾಳು... ದವಾಖಾನೆಗೆ ಒಯ್ಯಿರಿ ಎಂದಾದರೂ ಹೇಳಬೇಕಿತ್ತು. ಬರೀ ಕಸಿದುಕೊಂಡೆ.

ಜನವರಿ 12, ರವಿವಾರ. ರಜೆ

ಬಾತನ್ನು ಧೂಪದಾಳದ ಜಲಾಶಯಕ್ಕೆ ಒಯ್ದೆ. ಅರಣ್ಯ ಇಲಾಖೆಯ ವಾಚರ್ ಬಸವಲಿಂಗ ರೆಕ್ಕೆ ಬಿಡಿಸಿ ನೋಡಿದ.

"ಮಲ್ಲಾರ್ಡ್ ಅಂತಾರ್ರಿ ಇದಕ್ಕ. ಈ ಕಡೆ ಭಾಳ ಅಪರೂಪ. ಎಲುಬ ಮುರದಿಲ್ಲ, ಬಾವು ಬಂದೈತಿ ಅಷ್ಟ."

ಹಿನ್ನೀರಿಗೆ ಬಿಟ್ಟೆವು. ಹಾರಲಿಲ್ಲ. ಈಜಿಕೊಂಡು ಜೊಂಡಿನೊಳಗೆ ಹೋಯಿತು. ಬಸ್ಸಿನ ಹೊತ್ತಿನವರೆಗೂ ಕೂತೆ. ಹೊರಗೆ ಬರಲಿಲ್ಲ.

ಫೆಬ್ರವರಿ 3

ಕಲ್ಲೋಳಿ ಸ್ಟಾಪ್ ಬಂದರೆ ಹತ್ತುವವರ ಮುಖ ನೋಡುತ್ತೇನೆ. ಇವತ್ತು ಶಿದ್ರಾಮ ಹತ್ತಿದ. ಒಬ್ಬನೇ. ಗಡ್ಡ ಬಿಟ್ಟಿದ್ದಾನೆ. ಹೆಂಡತಿ ಹೋಗಿಬಿಟ್ಟಳೇ?... ಗಡಿಬಿಡಿಯಲ್ಲಿ ಟಿಕೆಟ್ ಮಷಿನ್‌ನಲ್ಲಿ ಬೇರೆ ಊರು ಒತ್ತಿದೆ.

ಅವನೇ ಕೇಳಿದ. "ಅಕ್ಕಾರ, ಆ ಹಕ್ಕಿ ಹಾರಿತೇನ್ರಿ?"

"ಹೂಂ... ಹಾರಿತ್ರಿ."

"ಛಲೋ ಆತ ಬಿಡ್ರಿ. ನನ್ನ ಹೇಣ್ತಿ ಹಣಮವ್ವ ಘಟಪ್ರಭಾ ದವಾಖಾನ್ಯಾಗ ಅದಾಳ. ಈಗ ಆಕಿ ಮಾತ ಒಂದೀಟ ತಿಳೀತಾವ. 'ನನ್ನ ಸಲುವಾಗಿ ಆ ಹಕ್ಕಿ ಜೀವ ಹೋತೇನ' ಅಂತ ದಿನಾ ಕೇಳ್ತಾಳ. ಅಕ್ಕಾರ ಕಣ್ಣಾರೆ ನೋಡ್ಯಾರ ಅಂತ ಹೇಳ್ತೇನಿ."

ನೋಡಿಲ್ಲ ಅನ್ನಲು ಬಾಯಿ ತೆರೆದೆ. ಅವನ ಸ್ಟಾಪ್ ಬಂತು, ಹಿಂದಿನ ಬಸ್ಸಿನ ಹಾರ್ನ್. ಇಳಿದುಹೋದ.

ಫೆಬ್ರವರಿ 9, ರವಿವಾರ. ಧೂಪದಾಳ

ಬೆಳಗಿನಿಂದ ದಂಡೆ ಸುತ್ತುತ್ತಿದ್ದೇನೆ. ಕೂತರೆ ಏಳಬೇಕು, ಎದ್ದರೆ ಆ ಕಡೆ ನೋಡಬೇಕು. ಬಸವಲಿಂಗನಿಗೂ ಅದು ಮತ್ತೆ ಕಂಡಿಲ್ಲವಂತೆ. ನಾಯಿಗಳು ಬರುತ್ತವೆ ಅಂದ... ಬೆಂಚಿನ ಮೇಲೆ ಕೂತು ಇಷ್ಟು ಬರೆದೆ. ಜೊಂಡಿನ ಆಚೆ ಬಾತುಗಳ ಹಿಂಡು, ಎದುರು ಬಿಸಿಲಿಗೆ ಎಲ್ಲವೂ ಕಪ್ಪು. ಬಸವಲಿಂಗ ಓಡಿ ಬರುತ್ತಿದ್ದಾನೆ —

"ಅಕ್ಕಾರ, ಎಡಕ್ಕ ನೋಡ್ರಿ, ಎಡಕ್ಕ!"

ಹಸಿರು ತಲೆ. ರೆಕ್ಕೆ ಬಡಿಯುತ್ತಿದೆ. ಎರಡೂ. ನೀರು ಬಿಟ್ಟು ಮೇಲಕ್ಕೆ —